ಓದಿ ಹೇಳಿದ ವಿಳಾಸ: ಜಾಹೀರಾತಿನ ಕನ್ನಡ ಧ್ವನಿ ಮತ್ತು ಗಡಿಯ ಕಿವಿ

ಜಾಹೀರಾತಿನ ಬರಹವನ್ನು ನಮ್ಮ ಸಾಹಿತ್ಯ ವಿಮರ್ಶೆ ಕೈಗೆತ್ತಿಕೊಳ್ಳುವುದು ಅಪರೂಪ. ಕೈಗೆತ್ತಿಕೊಂಡಾಗಲೂ ಅದರ ಪ್ರಾಸ, ಶ್ಲೇಷೆ, ಗಾದೆಗಳ ಮರುಬಳಕೆ ಇವುಗಳತ್ತ ಗಮನ ಹರಿಯುತ್ತದೆಯೇ ಹೊರತು ಕೊನೆಯ ನಾಲ್ಕೈದು ಸೆಕೆಂಡುಗಳತ್ತ ಅಲ್ಲ. ಬಾನುಲಿಯ ಅಥವಾ ಕಿರುತೆರೆಯ ಧ್ವನಿ ಆ ಕೊನೆಯ ಗಳಿಗೆಯಲ್ಲಿ ಒಂದು ಜಾಲವಿಳಾಸವನ್ನೋ ಹ್ಯಾಷ್‌ಟ್ಯಾಗನ್ನೋ ಓದಿ ಹೇಳುತ್ತದೆ. ಕಣ್ಣು ಮತ್ತು ಕೀಲಿಮಣೆಗಳಿಗಾಗಿ ಹುಟ್ಟಿದ ಅಕ್ಷರಸಾಲೊಂದನ್ನು ಅದು ಕಿವಿಗೆ ಒಪ್ಪಿಸುತ್ತದೆ. ಕೇಳಿದವರು ಅದನ್ನು ತಪ್ಪಿಲ್ಲದೆ ಮರಳಿ ಬರಹಕ್ಕಿಳಿಸುತ್ತಾರೆಂದು ನಂಬುತ್ತದೆ. ವಾಲ್ಟರ್ ಆಂಗ್ ತಮ್ಮ 1982ರ 'ಒರ್ಯಾಲಿಟಿ ಅಂಡ್ ಲಿಟರಸಿ' ಕೃತಿಯಲ್ಲಿ, ಬರಹವನ್ನೇ ಆಧರಿಸಿ ನಿಂತ ವಿದ್ಯುನ್ಮಾನ ಯುಗದ ಮಾತನ್ನು ದ್ವಿತೀಯಕ ಮೌಖಿಕತೆ ಎಂದು ಗುರುತಿಸಿದ್ದರು. ಆ ಪರಿಕಲ್ಪನೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ಆದರೆ ಅದು ಆಧರಿಸಿರುವ ಬರಹ ಯಾರದು, ಯಾವ ಲಿಪಿಯದು, ಯಾವ ಶಾಲೆಯಲ್ಲಿ ಕಲಿತದ್ದು ಎಂಬ ಪ್ರಶ್ನೆ ಗಡಿಯಾಚೆಯ ಕನ್ನಡಿಗರ ಮಟ್ಟಿಗೆ ಬೇರೆಯೇ ತೂಕ ಪಡೆಯುತ್ತದೆ.

ಮೊದಲು ವಾಕ್ಯರಚನೆಯನ್ನು ನೋಡೋಣ. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂದೆ ಬಂದು ವಿಳಾಸ ಕೊನೆಯಲ್ಲಿ ನಿಲ್ಲುತ್ತದೆ. ಅದರ ನಂತರ ಮೌನ. ಕೇಳುಗನ ನೆನಪಿನಲ್ಲಿ ಉಳಿಯುವ ಕೊನೆಯ ಸದ್ದು ವಿಳಾಸದ್ದೇ. ಕನ್ನಡದ ಧ್ವನಿಪಠ್ಯ ಈ ವಾಕ್ಯವನ್ನು ಅನುವಾದಿಸಿಕೊಂಡಾಗ "ಡಾಟ್ ಕಾಮ್‌ಗೆ ಭೇಟಿ ನೀಡಿ" ಎಂದಾಗುತ್ತದೆ. ಇಲ್ಲಿ ಎರಡು ನಷ್ಟಗಳಿವೆ. ವಿಳಾಸದ ತುದಿಗೆ ವಿಭಕ್ತಿ ಪ್ರತ್ಯಯ ಅಂಟಿಕೊಳ್ಳುತ್ತದೆ. ಕೇಳುಗ ಅದನ್ನು ಕತ್ತರಿಸಿ ತೆಗೆಯಬೇಕು. "ಡಾಟ್ ಇನ್‌ನಲ್ಲಿ" ಎಂದಾಗಲಂತೂ ನಕಾರ ಇಮ್ಮಡಿಸಿ, ವಿಳಾಸ ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಮೊದಲಾಯಿತು ಎಂಬುದೇ ಮಸುಕಾಗುತ್ತದೆ. ಜೊತೆಗೆ, ಕ್ರಿಯಾಪದ ಕೊನೆಗೆ ಬಂದು ವಿಳಾಸದ ಸದ್ದನ್ನು ಅಳಿಸಿಹಾಕುತ್ತದೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆಯುವ ಅರಿಸಮಾಸವನ್ನು ನಮ್ಮ ಲಾಕ್ಷಣಿಕರು ಕವಿರಾಜಮಾರ್ಗದ ಕಾಲದಿಂದಲೇ ಚರ್ಚಿಸಿದ್ದಾರೆ. ಅವರದು ಬಹುಮಟ್ಟಿಗೆ ಕಿವಿಯ ಔಚಿತ್ಯದ ಪ್ರಶ್ನೆಯಾಗಿತ್ತು. ಇಲ್ಲಿ ಬೆಸುಗೆಯ ದೋಷ ಔಚಿತ್ಯವನ್ನು ದಾಟಿ ಅರ್ಥಕ್ಕೇ ತಟ್ಟುತ್ತದೆ: ಪ್ರತ್ಯಯ ಅಂಟಿದ ವಿಳಾಸ ಎಲ್ಲಿಗೂ ತಲುಪಿಸುವುದಿಲ್ಲ.

ಎರಡನೆಯದು ಕಾಗುಣಿತ. ಭಾರತೀಯ ರಿಸರ್ವ್ ಬ್ಯಾಂಕಿನ ಸಾರ್ವಜನಿಕ ಜಾಗೃತಿ ಅಭಿಯಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಂಚನೆಗೆ ಒಳಗಾಗದಂತೆ ಜನರನ್ನು ಎಚ್ಚರಿಸುವ ಈ ಅಭಿಯಾನ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ನಡೆದಿದೆ. ಅದರ ಉದ್ದೇಶ ಪ್ರಶ್ನಾತೀತ. ಆದರೆ ಅದರ ಜಾಲವಿಳಾಸ "ಆರ್‌ಬಿಐ ಕೆಹತಾ ಹೈ" ಎಂಬ ಪೂರ್ಣ ಹಿಂದಿ ವಾಕ್ಯವನ್ನು ರೋಮನ್ ಲಿಪಿಯಲ್ಲಿ ಒತ್ತಟ್ಟಿಗೆ ಸೇರಿಸಿದ ರೂಪ. ಉಳಿದೆಲ್ಲವನ್ನೂ ಕನ್ನಡಿಸಬಹುದು, ವಿಳಾಸವನ್ನು ಕನ್ನಡಿಸಲಾಗದು. ಅದೇ ಬ್ಯಾಂಕು ಅನಧಿಕೃತ ಠೇವಣಿ ಸಂಗ್ರಹದ ಬಗ್ಗೆ ದೂರು ಸ್ವೀಕರಿಸಲು ನಡೆಸುವ ತಾಣದ ಹೆಸರು 'ಸಚೇತ್'. ಅದರ ರೋಮನ್ ರೂಪ ಎಸ್, ಎ, ಸಿ, ಎಚ್, ಇ, ಟಿ. ಇಂಗ್ಲಿಷ್ ಬಲ್ಲವರ ಕಣ್ಣಿಗೆ ಅದು ಶಾಂಪೂ ತುಂಬಿದ ಸ್ಯಾಶೆ. ಕನ್ನಡದ ಕಿವಿಗೆ ಅದು 'ಸಚೇತ'. ಕನ್ನಡದ ಕೈ ಅದನ್ನು ಬರೆಯುವಾಗ ತಕಾರಕ್ಕೆ ಟಿ ಜೊತೆ ಎಚ್ ಸೇರಿಸುತ್ತದೆ, ಕೊನೆಗೆ ಎ ಕೂಡ ಇಡುತ್ತದೆ. ಹಕ್ಕುದಾರರಿಲ್ಲದ ಠೇವಣಿಗಳನ್ನು ಹುಡುಕಲು 2023ರಲ್ಲಿ ಬಂದ 'ಉದ್ಗಮ್' ತಾಣದ ಹೆಸರು ಇಂಗ್ಲಿಷ್ ಪದಗಳ ಅಕ್ಷರಗಳಿಂದ ಕಟ್ಟಿದ್ದಾದರೂ ಹಿಂದಿಯ ಉಚ್ಚಾರಕ್ಕೆ ಹೊಂದಿಸಿದ್ದು. 'ಉದ್ಗಮ' ಎಂದು ಕೇಳಿಸಿಕೊಂಡವರು ಕೊನೆಯ ಅಕಾರವನ್ನು ಬಿಡುವುದು ಹೇಗೆ? ಪದಾಂತ್ಯದ ಅಕಾರವನ್ನು ಹಿಂದಿ ನುಂಗುತ್ತದೆ, ಕನ್ನಡ ನುಡಿಯುತ್ತದೆ. ಧ್ವನಿ ಕಲಾವಿದರು ಕನ್ನಡದ ಉಚ್ಚಾರಕ್ಕೆ ನಿಷ್ಠರಾದಷ್ಟೂ ವಿಳಾಸ ದೂರ ಸರಿಯುತ್ತದೆ.

ಇದು ಕನ್ನಡಿಗರೆಲ್ಲರಿಗೂ ಸಮಾನವಾದ ತೊಡಕು ಎನ್ನಬಹುದು. ಹಾಗಲ್ಲ ಎಂಬುದೇ ಇಲ್ಲಿನ ವಾದ. ನಮ್ಮಲ್ಲಿ ರೋಮನ್ ಕಾಗುಣಿತ ಭಾಷೆಗಿಂತ ಹೆಚ್ಚಾಗಿ ರಾಜ್ಯವನ್ನು ಅನುಸರಿಸುತ್ತದೆ. ಗೀತಾ, ಲತಾ, ಸವಿತಾ ಎಂಬ ಹೆಸರುಗಳು ಕಾಸರಗೋಡು, ಹೊಸೂರು, ರಾಯದುರ್ಗಗಳಲ್ಲಿ ಸಾಮಾನ್ಯವಾಗಿ ಟಿ-ಎಚ್ ಜೋಡಿಯಿಂದ ಬರೆಯಲ್ಪಟ್ಟರೆ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ಮರಾಠಿಯ ರೂಢಿಯಂತೆ ಬರಿಯ ಟಿ ಸಾಕು. ಅಲ್ಲಿ ಟಿ-ಎಚ್ ಜೋಡಿ ಥಕಾರಕ್ಕೋ ಠಕಾರಕ್ಕೋ ಮೀಸಲು. 'ಜ್ಞಾನ' ಎಂಬ ಒಂದೇ ಪದ ಮರಾಠಿಯ ರೂಢಿಯಲ್ಲಿ ಡಿ-ಎನ್-ವೈ ಇಂದ, ಹಿಂದಿಯಲ್ಲಿ ಜಿ-ವೈ ಇಂದ, ತೆಲುಗಿನಲ್ಲಿ ಜಿ-ಎನ್ ಇಂದ, ಕನ್ನಡದಲ್ಲಿ ಹೆಚ್ಚಾಗಿ ಜೆ-ಎನ್ ಇಂದ ಆರಂಭವಾಗುತ್ತದೆ. ಹೀಗಾಗಿ ಒಂದೇ ಕನ್ನಡ ಧ್ವನಿಯನ್ನು ಕೇಳಿದ ಅಕ್ಕಲಕೋಟೆಯ ಕನ್ನಡಿಗ ಮತ್ತು ಮಂಜೇಶ್ವರದ ಕನ್ನಡಿಗ ಬೇರೆಬೇರೆ ಅಕ್ಷರಗಳನ್ನು ಒತ್ತುತ್ತಾರೆ. ಕಿವಿ ಇಬ್ಬರದೂ ಕನ್ನಡದ್ದು. ಬೆರಳುಗಳನ್ನು ತರಬೇತುಗೊಳಿಸಿದ ಶಾಲೆ, ಪಡಿತರ ಚೀಟಿ, ಅಂಕಪಟ್ಟಿಗಳು ಬೇರೆ ರಾಜ್ಯಗಳವು. ಕಾಸರಗೋಡಿನ ಜಿಲ್ಲಾ ತಾಣದ ವಿಳಾಸದಲ್ಲೇ ರಕಾರದ ಮುಂದಿನ ಎ ಬಿಟ್ಟುಹೋಗಿದೆ. ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಐದು ಅಕ್ಷರಗಳನ್ನೂ ಸ್ಫುಟವಾಗಿ ನುಡಿಯುವವನು ಅದನ್ನು ಜಾಲದಲ್ಲಿ ಹುಡುಕಲು ಮೊದಲು ತನ್ನ ಉಚ್ಚಾರವನ್ನು ಮರೆಯಬೇಕು.

ಹೆಸರೂ ಒಂದೇ ಆಗಿ, ಅಕ್ಷರಗಳೂ ಒಂದೇ ಆದಾಗ ಮತ್ತೊಂದು ಬಗೆಯ ಗೊಂದಲ ಹುಟ್ಟುತ್ತದೆ. ಕೆಎಸ್‌ಆರ್‌ಟಿಸಿ ಎಂಬ ನಾಮಾಕ್ಷರಗಳಿಗಾಗಿ ಕರ್ನಾಟಕ ಮತ್ತು ಕೇರಳಗಳ ಸಾರಿಗೆ ಸಂಸ್ಥೆಗಳ ನಡುವೆ ನಡೆದ ವ್ಯಾಜ್ಯ ಪರಿಚಿತವಾದದ್ದು. ಕಾಸರಗೋಡಿನ ನಿಲ್ದಾಣದಲ್ಲಿ ಎರಡೂ ಸಂಸ್ಥೆಗಳ ಬಸ್ಸುಗಳು ನಿಲ್ಲುತ್ತವೆ; ಜನ ಬಣ್ಣ ಮತ್ತು ಫಲಕದ ಲಿಪಿ ನೋಡಿ ಗುರುತಿಸುತ್ತಾರೆ. ಮಂಗಳೂರಿನಿಂದ ಬರುವ ಬಾನುಲಿಯಲ್ಲಿ ಅದೇ ನಾಮಾಕ್ಷರಗಳು "ಡಾಟ್ ಇನ್" ಸೇರಿ ಕೇಳಿಸಿದರೆ ಬಣ್ಣವೂ ಇಲ್ಲ, ಫಲಕವೂ ಇಲ್ಲ. ಆ ವಿಳಾಸ ಕರ್ನಾಟಕದ ಸಂಸ್ಥೆಯದು ಎಂಬುದು ಬೆಂಗಳೂರಿನ ಕೇಳುಗನಿಗೆ ಹೇಳಬೇಕಾಗಿಲ್ಲದ ಸಂಗತಿ. ಗಡಿಯ ಕೇಳುಗನಿಗೆ ಅದೊಂದನ್ನೇ ಹೇಳಬೇಕು.

ಹ್ಯಾಷ್‌ಟ್ಯಾಗಿನ ಸ್ವರೂಪ ತುಸು ಭಿನ್ನ. 2007ರ ಆಗಸ್ಟಿನಲ್ಲಿ ಕ್ರಿಸ್ ಮೆಸಿನಾ ಟ್ವಿಟರಿನಲ್ಲಿ ಸೂಚಿಸಿದ ಈ ಚಿಹ್ನೆ ಚದುರಿದ ಮಾತುಗಳನ್ನು ಒಂದೆಡೆ ಕಲೆಹಾಕುವ ಸಾಧನ. ಅದು ಪದಗಳನ್ನು ತೆರಪಿಲ್ಲದೆ ಜೋಡಿಸುತ್ತದೆ. ನೋಟಕ್ಕೆ ಅದು ಸಮಾಸದಂತಿದ್ದರೂ ಸಂಧಿಯಿಲ್ಲ, ಆದೇಶವಿಲ್ಲ, ಆಗಮವಿಲ್ಲ; ಆದ್ದರಿಂದ ಪದಗಳು ಕೂಡಿವೆಯೋ ಬಿಡಿಯಾಗಿವೆಯೋ ಎಂಬುದನ್ನು ಧ್ವನಿ ಹೇಳಲಾರದು. 2022ರ 'ಹರ್ ಘರ್ ತಿರಂಗಾ' ಅಭಿಯಾನವನ್ನು ನೆನೆಯೋಣ. ಕನ್ನಡದ ಪಠ್ಯದಲ್ಲಿ ಅದರ ಆಶಯವನ್ನು ಮನೆಮನೆಯಲ್ಲೂ ತ್ರಿವರ್ಣಧ್ವಜ ಎಂದು ಹೇಳಬಹುದು. ಆದರೆ ಹ್ಯಾಷ್‌ಟ್ಯಾಗನ್ನು ಹಾಗೆ ಅನುವಾದಿಸಿದ ಕೂಡಲೇ ಅದು ಮೂಲದ ಸಮೂಹದಿಂದ ಹೊರಗುಳಿಯುತ್ತದೆ. ಅನುವಾದಿಸದಿದ್ದರೆ ಕನ್ನಡ ವಾಕ್ಯದ ನಡುವೆ ಅರ್ಥ ಬಿಡಿಸದ ಹಿಂದಿ ತುಣುಕಾಗಿ ಉಳಿಯುತ್ತದೆ. ಹ್ಯಾಷ್‌ಟ್ಯಾಗ್ ಪದದ ವೇಷದಲ್ಲಿರುವ ಅಂಕಿತನಾಮ; ಅಂಕಿತನಾಮಗಳನ್ನು ಅನುವಾದಿಸಲಾಗದು ಎಂಬ ಹಳೆಯ ನಿಯಮವನ್ನು ಅದು ಇಡೀ ವಾಕ್ಯಗಳಿಗೆ ವಿಸ್ತರಿಸುತ್ತದೆ.

ಕನ್ನಡ ಲಿಪಿಯ ವಿಳಾಸಗಳೇ ಪರಿಹಾರವೆಂದು ಹೇಳುವವರಿದ್ದಾರೆ. ಈಗ 'ಡಾಟ್ ಭಾರತ' ಎಂಬ ಕನ್ನಡ ಲಿಪಿಯ ಮೇಲ್ತುದಿ ಲಭ್ಯವಿದೆ. ಅದು ಧ್ವನಿ ಮತ್ತು ಬರಹಗಳ ಅಂತರವನ್ನು ಬಹುಪಾಲು ಮುಚ್ಚುತ್ತದೆ: ರೋಮನ್ನಿನಲ್ಲಿ ಒಂದೇ ಆಗುವ ಹಳ್ಳಿ ಮತ್ತು ಹಲ್ಲಿಗಳು ಇಲ್ಲಿ ಬೇರೆಯಾಗುತ್ತವೆ. ಇದು ನಿಜವಾದ ಲಾಭ. ಆದರೆ ಅದೇ ವ್ಯವಸ್ಥೆಯಲ್ಲಿ ದೇಶದ ಹೆಸರು ದೇವನಾಗರಿಯಲ್ಲಿ ಭಾರತ, ತೆಲುಗಿನಲ್ಲಿ ಭಾರತ್, ಮಲಯಾಳದಲ್ಲಿ ಭಾರತಂ, ತಮಿಳಿನಲ್ಲಿ ಇಂದಿಯಾ. ಸೊಲ್ಲಾಪುರದಲ್ಲಿ ಕನ್ನಡವನ್ನು ಆಡಿ, ದೇವನಾಗರಿಯಲ್ಲಿ ಬರೆಯುವವನಿಗೆ ಕೇಳಿಸಿದ ಸದ್ದು ಸರಿಯಾಗಿಯೇ ಇದ್ದರೂ ತಲುಪುವ ತಾಣ ಬೇರೆ. ಕನ್ನಡವನ್ನು ಮನೆಯಲ್ಲಿ ಕಲಿತು ಅದರ ಲಿಪಿಯನ್ನು ಶಾಲೆಯಲ್ಲಿ ಪಡೆಯದವರನ್ನು ಈ ಪರಿಹಾರ ಮುಟ್ಟುವುದಿಲ್ಲ.

ಕೇಳುಗನ ಕಿವಿಯನ್ನು ಕಾಯುವ ನಿಯಮಗಳು ನಮ್ಮಲ್ಲಿ ಇಲ್ಲವೆಂದಲ್ಲ. ಮ್ಯೂಚುವಲ್ ಫಂಡ್ ಜಾಹೀರಾತಿನ ಎಚ್ಚರಿಕೆಯನ್ನು ಅರ್ಥವಾಗುವಂತೆ 5 ಸೆಕೆಂಡುಗಳಲ್ಲಿ ಓದಬೇಕೆಂದು ಸೆಬಿ 2008ರಲ್ಲಿಯೇ ವಿಧಿಸಿತು. ಜಾಹೀರಾತಿನ ಪ್ರತಿಪಾದನೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತಿನ ಸೂಚನೆಯೂ ಅದೇ ಭಾಷೆಯಲ್ಲಿರಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಹೇಳುತ್ತದೆ. ಎಚ್ಚರಿಕೆ ಕೇಳಿಸಬೇಕೆಂಬ ಕಾಳಜಿ ವಿಳಾಸ ಕೇಳಿಸಬೇಕೆಂಬಲ್ಲಿಗೆ ವಿಸ್ತರಿಸಿಲ್ಲ. ವಂಚನೆಯ ಬಗ್ಗೆ ಎಚ್ಚರಿಸುವ ಧ್ವನಿ ಹೇಳಿದ ವಿಳಾಸವನ್ನು ಒಂದಕ್ಷರ ತಪ್ಪಿ ಬರೆದವನು ತಲುಪುವುದು ಖಾಲಿ ಪುಟವನ್ನಾದರೆ ಅದು ಅದೃಷ್ಟ. ಅಂಥ ತಪ್ಪುಗಳನ್ನೇ ಕಾದು ಕುಳಿತ ನಕಲಿ ತಾಣಗಳೂ ಇವೆ.

ಕನ್ನಡದ ಧ್ವನಿಪಠ್ಯಕಾರರು ತಕ್ಷಣ ಮಾಡಬಹುದಾದವು ಕೆಲವಿವೆ. ವಿಳಾಸಕ್ಕೆ ಪ್ರತ್ಯಯ ಹಚ್ಚದೆ "ವಿಳಾಸ ಹೀಗಿದೆ" ಎಂದು ಮೊದಲೇ ಹೇಳಿ, ಅದನ್ನು ವಾಕ್ಯದ ತುದಿಯಲ್ಲಿ ಒಂಟಿಯಾಗಿ ನಿಲ್ಲಿಸಬಹುದು. ಸಂದಿಗ್ಧವಾದ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಬಹುದು. ಸಾಧ್ಯವಾದಲ್ಲೆಲ್ಲ ಅಂಕಿಗಳನ್ನು ಮುಂದಿಡಬಹುದು: ಸೈಬರ್ ವಂಚನೆಯ ಸಹಾಯವಾಣಿ 1930 ಯಾವ ಶಾಲೆಯಲ್ಲಿ ಕಲಿತವರಿಗೂ ಒಂದೇ. ಇವೆಲ್ಲಕ್ಕೆ ಮೂರೋ ನಾಲ್ಕೋ ಸೆಕೆಂಡು ಹೆಚ್ಚು ಬೇಕು. ಪ್ರಸಾರದಲ್ಲಿ ಸೆಕೆಂಡೆಂದರೆ ಹಣ ಎಂಬುದೂ ನಿಜ. ಆದರೂ ಈ ಪಠ್ಯವನ್ನು ಅಳೆಯಬೇಕಾದ ಮಾನದಂಡ ಬೇರೊಂದಿಲ್ಲ. ಕನ್ನಡದಲ್ಲಿ ಕರೆದು, ಬಾಗಿಲನ್ನು ಕನ್ನಡಕ್ಕೆ ಮುಚ್ಚಿದ ಪಠ್ಯ ಎಷ್ಟೇ ಇಂಪಾಗಿದ್ದರೂ ಅಪೂರ್ಣ. ಕಾಸರಗೋಡಿನಲ್ಲೋ ಜತ್ತದಲ್ಲೋ ಕುಳಿತು ಅದನ್ನು ಕೇಳುವವನಿಗೆ ಆ ಅಪೂರ್ಣತೆ ಹೊಸದಲ್ಲ; ತನ್ನ ಮಾತು ಕಚೇರಿಯ ಹೊಸ್ತಿಲವರೆಗೆ ಮಾತ್ರ ಸಲ್ಲುತ್ತದೆ ಎಂಬುದನ್ನು ಆತ ಅರ್ಜಿ ನಮೂನೆಗಳಿಂದ ಬಹಳ ಹಿಂದೆಯೇ ಕಲಿತಿದ್ದಾನೆ.