ನಾಲ್ಕು ಮದ್ದಿನ ಟ್ಯೂಬಿನ ಕೀರ್ತಿ

ಕೂಡಿದ ಮರುದಿನ ತೊಡೆಸಂದಿಯಲ್ಲಿ ಕೆಂಪಾಗಿ ನವೆ ಎದ್ದಿತೆಂದರೆ ನಮ್ಮ ಊರುಗಳಲ್ಲಿ ಅದಕ್ಕಿರುವುದು ಒಂದೇ ದಾರಿ: ಮೆಡಿಕಲ್ ಶಾಪಿನಲ್ಲಿ ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿ, ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎನ್ನುವುದು. ಎಲ್ಲಿ, ಯಾವಾಗಿನಿಂದ ಎಂದು ಅವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಎರಡು ದಿನಕ್ಕೆ ಉರಿ ಇಳಿಯುತ್ತದೆ. ಟ್ಯೂಬಿನ ಹೆಸರು ಗೆಳೆಯನಿಂದ ಗೆಳೆಯನಿಗೆ, ಅತ್ತಿಗೆಯಿಂದ ನಾದಿನಿಗೆ ದಾಟುತ್ತದೆ. ಈ ಮುಲಾಮು ಕೆಟ್ಟದ್ದೆಂದು ಬಲ್ಲವರು ಹೇಳುತ್ತಲೇ ಬಂದಿದ್ದಾರೆ. ಅದು ಒಳ್ಳೆಯದೆಂದು ಯಾಕೆ ಅನ್ನಿಸುತ್ತದೆ ಎಂಬುದನ್ನು ಬಿಡಿಸಿ ನೋಡಿದವರು ಕಡಿಮೆ.

ಸ್ಟೀರಾಯ್ಡ್ ಮುಲಾಮುಗಳ ದುರ್ಬಳಕೆಯ ಕಥೆ ಓದುಗರಿಗೆ ಗೊತ್ತಿರುವುದೇ. 2018ರಲ್ಲಿ ಇಂಥ ಹಲವು ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯವಾಯಿತು. ಅದೇ ವರ್ಷ ಕೇಂದ್ರ ಸರ್ಕಾರ ನಿಷೇಧಿಸಿದ 328 ಕೂಡುಮದ್ದುಗಳಲ್ಲಿ ಚರ್ಮದ ಮುಲಾಮುಗಳೂ ಇದ್ದವು. ಟ್ಯೂಬಿನ ಕೀರ್ತಿ ಮಾತ್ರ ಮುಕ್ಕಾಗಲಿಲ್ಲ.

ಅದರ ಮೈಮೇಲಿನ ಬರಹವನ್ನೇ ಓದೋಣ. ಕ್ಲೊಬೆಟಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫೈನ್. ಮೊದಲನೆಯದು ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲವಾದವುಗಳ ಸಾಲಿನದು. ಎರಡನೆಯದು ಬ್ಯಾಕ್ಟೀರಿಯಾಕ್ಕೆ, ಮೂರನೆಯದು ಟ್ರೈಕೊಮೋನಾಸ್‌ನಂಥ ಏಕಕೋಶ ಜೀವಿಗಳಿಗೆ, ನಾಲ್ಕನೆಯದು ಶಿಲೀಂಧ್ರಕ್ಕೆ. ಕತ್ತಲೆಯಲ್ಲಿ ನಾಲ್ಕು ದಿಕ್ಕಿಗೂ ಕಲ್ಲು ಬೀಸಿದಂತೆ ಇದರ ರಚನೆ. ಯಾರೇ ಹಚ್ಚಿಕೊಂಡರೂ ಎರಡು ಮೂರು ಮದ್ದು ದಂಡ. ಕಾರಣ ಯಾವುದಾದರೂ ಕೆಂಪು, ಊತ, ನವೆಗಳನ್ನು ಅಡಗಿಸುವುದು ಸ್ಟೀರಾಯ್ಡ್ ಒಂದೇ. ಆದ್ದರಿಂದ ಈ ಹೆಸರು ನಾಲ್ಕೂ ಸೇರಿ ಗಳಿಸಿದ್ದಲ್ಲ, ಅದೊಂದೇ ಗಳಿಸಿದ್ದು. ಅದೂ ಹಚ್ಚಲೇಬಾರದಂಥ ಜಾಗದಲ್ಲಿ: ಹೈಡ್ರೊಕಾರ್ಟಿಸೋನನ್ನು ವೃಷಣಚೀಲದ ಚರ್ಮ ಮುಂಗೈ ಚರ್ಮಕ್ಕಿಂತ 42 ಪಟ್ಟು ಹೀರುತ್ತದೆ ಎಂಬ ಅಳತೆ 1967ರಷ್ಟು ಹಳೆಯದು.

ಈಗ ಒಂದೊಂದೇ ಕಾರಣಕ್ಕೆ ಇದನ್ನು ಒರೆಹಚ್ಚಬೇಕು. ಕಾಂಡೋಮಿನ ರಬ್ಬರ್ ಪ್ರೋಟೀನು ಒಗ್ಗದವರಿಗೆ ನಿಮಿಷಗಳಲ್ಲೇ ಗಂಧೆ ಏಳುತ್ತದೆ. ಸಾಮಾನ್ಯವಾಗಿ ಕೆಲವು ತಾಸಿನಲ್ಲಿ, ಹಚ್ಚಿದರೂ ಬಿಟ್ಟರೂ, ಇಳಿಯುತ್ತದೆ. ಹೊಗಳಿಕೆ ಮಾತ್ರ ಟ್ಯೂಬಿಗೆ. ರಬ್ಬರ್ ಹದಮಾಡುವ ರಾಸಾಯನಿಕ, ಸುಗಂಧ, ‘ಹೆಚ್ಚು ಹೊತ್ತು’ ಎಂದು ಮಾರುವ ಕಾಂಡೋಮುಗಳ ಬೆಂಜೊಕೇನ್ ಇವುಗಳಿಂದಾದ ಉರಿ ಒಂದೆರಡು ದಿನ ತಡವಾಗಿ ಬರುತ್ತದೆ. ಸ್ಟೀರಾಯ್ಡ್ ಅದನ್ನು ಅಡಗಿಸುತ್ತದೆ, ಮುಂದಿನ ಸಲ ಮತ್ತೆ ಅದೇ ಪಾಡು. ಹುಳುಕಡ್ಡಿಯಾಗಿದ್ದರೆ ಉಂಗುರದ ಅಂಚು ಅಳಿಸಿಹೋಗಿ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಟರ್ಬಿನಾಫೈನ್ ಇದೆಯಲ್ಲ ಎನ್ನುವವರು, ಆ ಮದ್ದಿಗೆ ಜಗ್ಗದ ತಳಿಯೊಂದಕ್ಕೆ 2020ರಲ್ಲಿ ಭಾರತದ ಹೆಸರನ್ನೇ ಸೇರಿಸಿ ಟ್ರೈಕೊಫೈಟಾನ್ ಇಂಡೊಟೀನಿಯೆ ಎಂದು ನಾಮಕರಣವಾದದ್ದನ್ನು ನೆನೆಯಲಿ. ಕಜ್ಜಿಯಾಗಿದ್ದರೆ ಅದರ ಹುಳವನ್ನು ಈ ನಾಲ್ಕರಲ್ಲಿ ಯಾವುದೂ ಕೊಲ್ಲದು. ಇಡೀ ಮನೆಯವರು ಒಂದೇ ರಾತ್ರಿ ಪರ್ಮೆಥ್ರಿನ್ ಹಚ್ಚಿಕೊಳ್ಳಬೇಕಾದ ಕಾಯಿಲೆ ಅದು.

ಎಲ್ಲಕ್ಕಿಂತ ಭಯದ್ದು ಸಿಫಿಲಿಸ್. ಸೋಂಕು ತಗುಲಿ 10ರಿಂದ 90 ದಿನದೊಳಗೆ ಏಳುವ ಅದರ ಮೊದಲ ಹುಣ್ಣಿಗೆ ಸಾಮಾನ್ಯವಾಗಿ ನೋವಿಲ್ಲ. ಮೂರರಿಂದ ಆರು ವಾರದಲ್ಲಿ ತಾನಾಗಿ ಮಾಯುತ್ತದೆ. ರೋಗ ಒಳಗೇ ಉಳಿದು ವರ್ಷಗಳ ಮೇಲೆ ನರವನ್ನೋ ಹೃದಯವನ್ನೋ ಹಿಡಿಯಬಹುದು. ಟ್ಯೂಬು ಹಚ್ಚಿದವನ ಲೆಕ್ಕದಲ್ಲಿ ಮಾತ್ರ ಅದು ಗೆದ್ದಾಯಿತು. ಅತಿ ಕೆಟ್ಟ ರೋಗವೇ ಈ ಮುಲಾಮಿಗೆ ಅತಿ ಒಳ್ಳೆಯ ಹೆಸರು ತಂದುಕೊಡುತ್ತದೆ. ವೈದ್ಯರು ನೋಡಿ ಗುರುತಿಸಿದ ಉರಿಯೂತಕ್ಕೆ ಸೌಮ್ಯ ಸ್ಟೀರಾಯ್ಡನ್ನು ಕೆಲವೇ ದಿನ ಹಚ್ಚುವುದು ಸರಿಯಾದ ಚಿಕಿತ್ಸೆಯೇ, ಅಷ್ಟನ್ನು ಒಪ್ಪೋಣ. ಆ ಸೌಮ್ಯತೆ ಈ ಟ್ಯೂಬಿನಲ್ಲಿಲ್ಲ.

ಇಲ್ಲಿ ಚರ್ಮವೈದ್ಯರೊಡನೆಯೂ ನನಗೊಂದು ಜಗಳವಿದೆ. ಅವರ ವೇದಿಕೆಗಳಲ್ಲಿ ಅಂಗಡಿಯವನೇ ಖಳ. ಆದರೆ ಇದೇ ಟ್ಯೂಬನ್ನು ಚೀಟಿಯಲ್ಲಿ ಬರೆದುಕೊಡುವ ವೈದ್ಯರೂ ಇದ್ದಾರಲ್ಲ. ಗಿಜಿಗುಡುವ ಒಪಿಡಿಯಲ್ಲಿ, ಮೂರು ಜನ ಕೇಳಿಸಿಕೊಳ್ಳುತ್ತಿರುವಾಗ, ‘ಇದು ಹೆಂಡತಿ ಜೊತೆ ಮಲಗಿದ ಮೇಲೆ ಶುರುವಾಗುತ್ತದಾ?’ ಎಂದು ಕೇಳುವ ವೈದ್ಯರು ಎಷ್ಟು? ಕೇಳಿದರೂ ಉತ್ತರ ಬಂದೀತೆ? ಟ್ಯೂಬು ಮಾರುತ್ತಿರುವುದು ಮದ್ದನ್ನಲ್ಲ, ಬಾಯಿ ಬಿಡದೆ ಪಾರಾಗುವ ಸೌಲಭ್ಯವನ್ನು. ಇದನ್ನು ಗಮನಿಸದ ಟೀಕೆ ಅರ್ಧ ಟೀಕೆ.

ಪತ್ರಿಕೆಗಳ ಪ್ರಶ್ನೋತ್ತರ ಅಂಕಣಕಾರರದ್ದು ಇನ್ನೂ ದೊಡ್ಡ ತಪ್ಪು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದ ಕನ್ನಡದಲ್ಲಿ ಇವತ್ತು ಎಂಥ ನವೆಗೂ ಸಿಗುವ ಉತ್ತರ ‘ಸ್ವಚ್ಛತೆ ಕಾಪಾಡಿ’. ಓದಿದವರು ಹೋಗಿ ಸೋಪು, ಆಂಟಿಸೆಪ್ಟಿಕ್ ದ್ರಾವಣ ಹಾಕಿ ಉಜ್ಜಿ ತೊಳೆಯುತ್ತಾರೆ. ಆ ದ್ರಾವಣದಿಂದಲೇ ಚರ್ಮ ಸುಟ್ಟುಕೊಂಡವರುಂಟು. ಯೋನಿಯೊಳಗೆ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಕಾಯ್ದಿಟ್ಟ ಹುಳಿ, ಹೆಚ್ಚುಕಡಿಮೆ 3.8ರಿಂದ 4.5 ಪಿಎಚ್, ಒಳಗೆ ತೊಳೆದಷ್ಟೂ ಕೆಡುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಹೊರಭಾಗಕ್ಕೆ ಬರೀ ನೀರು ಸಾಕು. ನವೆ ಬಂದವರು ಕೊಳಕರು ಎಂಬ ತೀರ್ಪು ಆ ಉಪದೇಶದಲ್ಲಿ ಅಡಗಿದೆ. ಜನ ಬಾಯಿ ಮುಚ್ಚುವುದಕ್ಕೆ ಅದೂ ಒಂದು ಕಾರಣ.

ಯಾರೂ ಹೊಗಳದ ಒಂದು ವಿಧಾನವಿದೆ: ಹೊತ್ತನ್ನು ಕೇಳುವುದು. ಕೂಡಿ ಎಷ್ಟು ಹೊತ್ತಿಗೆ ಬಂತು, ನಿಮಿಷಕ್ಕೋ, ಎರಡು ದಿನಕ್ಕೋ, ವಾರಕ್ಕೋ? ಕಾಂಡೋಮ್ ಇದ್ದಾಗ ಮಾತ್ರವೋ, ಇಲ್ಲದಾಗ ಮಾತ್ರವೋ? ಸಂಗಾತಿಗೂ ಇದೆಯೋ? ಕಾಂಡೋಮ್ ಇದ್ದಾಗ ಮಾತ್ರ ಗಂಧೆ ಎದ್ದರೆ ಗುಮಾನಿ ರಬ್ಬರಿನ ಮೇಲೆ. ಪಾಲಿಐಸೊಪ್ರೀನ್ ಕಾಂಡೋಮಿನಲ್ಲಿ ರಬ್ಬರ್ ಮರದ ಪ್ರೋಟೀನ್ ಇರುವುದಿಲ್ಲ. ಇಲ್ಲದಾಗ ಮಾತ್ರ ಬಂದರೆ ವೀರ್ಯದ ಪ್ರೋಟೀನಿಗೇ ಅಲರ್ಜಿ ಇರಬಹುದು. ಅಪರೂಪವಾದರೂ 1958ರಿಂದ ವೈದ್ಯಲೋಕಕ್ಕೆ ಗೊತ್ತಿರುವ ಸಂಗತಿ. ಮುಖ ಊದಿ ಉಸಿರು ಕಟ್ಟಿದರೆ ಯಾವ ಪ್ರಶ್ನೆಯೂ ಬೇಡ, ತಕ್ಷಣ ಆಸ್ಪತ್ರೆ.

ಇಂಥ ಪ್ರಶ್ನೆಗಳನ್ನು ಕೇಳಲೆಂದೇ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಆಪ್ತಸಮಾಲೋಚಕರಿದ್ದಾರೆ. ಸಲಹೆ, ಮದ್ದು ಉಚಿತ. ಸಂಗಾತಿಗೂ ಚಿಕಿತ್ಸೆ ಕೊಡುವುದು ಅಲ್ಲಿನ ಕ್ರಮ. ಆದರೆ ಅವು ಲೈಂಗಿಕ ಸೋಂಕುಗಳಿಗೆ ಮೀಸಲು. ರಬ್ಬರು ಒಗ್ಗದ ಗೃಹಿಣಿ, ಹುಳುಕಡ್ಡಿ ಹತ್ತಿದ ಹೊಸ ಮದುವಣಿಗ ಆ ಬೋರ್ಡಿನ ಕೆಳಗೆ ನಿಲ್ಲಲು ಹೆದರುತ್ತಾರೆ. ಟ್ಯೂಬನ್ನು ಎಷ್ಟು ಸಲ ನಿಷೇಧಿಸಿದರೂ ಇಷ್ಟೇ: ಗಂಡಹೆಂಡಿರು ಒಟ್ಟಿಗೆ ಕೂತು ಅಂಜದೆ ಹೇಳಿಕೊಳ್ಳುವ, ಬಾಗಿಲು ಮುಚ್ಚಬಹುದಾದ ಕೋಣೆಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವತನಕ ಅದಕ್ಕೆ ಗಿರಾಕಿ ತಪ್ಪುವುದಿಲ್ಲ.