ಸ್ವಾರ್ಥ, ಪರಾರ್ಥ ಮತ್ತು ಸಿಜ್‌ವಿಕ್ಕನ ಸೋಲು

ಪರರಿಗೆ ಒಳಿತು ಮಾಡಿದವನಿಗೆ ಕೊನೆಗೆ ಒಳಿತೇ ಆಗುವುದೆಂಬ ಮಾತನ್ನು ನಮ್ಮ ನೀತಿಬೋಧಕರು ಬಹು ಸುಲಭವಾಗಿ ಆಡಿಬಿಡುತ್ತಾರೆ. ಆಗುವುದಾದರೆ ಸಂತೋಷವೇ. ಆದರೆ ಆ ಕಾರಣಕ್ಕಾಗಿಯೇ ಉಪಕಾರ ಮಾಡೆಂದರೆ ಅದು ಧರ್ಮಬೋಧೆಯಾಗಲಿಲ್ಲ. ಬಡ್ಡಿ ತಡವಾಗಿ ಬರುವ ವ್ಯಾಪಾರದ ಸಲಹೆಯಾಯಿತು.

ಈ ಸುಲಭ ಸಮಾಧಾನವನ್ನು ಒಲ್ಲದವರಲ್ಲಿ ಕೇಂಬ್ರಿಜ್ಜಿನ ಹೆನ್ರಿ ಸಿಜ್‌ವಿಕ್ (1838–1900) ಪ್ರಮುಖನು. 1874ರಲ್ಲಿ ಹೊರಬಂದ ಆತನ ‘ದಿ ಮೆಥಡ್ಸ್ ಆಫ್ ಎಥಿಕ್ಸ್’ ಸರಸವಾದ ಗ್ರಂಥವೆನ್ನುವಂತಿಲ್ಲ. ಓದುಗನ ತಾಳ್ಮೆಯನ್ನು ಚೆನ್ನಾಗಿಯೇ ಪರೀಕ್ಷಿಸುತ್ತದೆ. ಆದರೆ ಅದರ ಪ್ರಾಮಾಣಿಕತೆ ಅಪೂರ್ವವಾದುದು. ನನ್ನ ಹಿತವನ್ನು ನಾನು ನೋಡಿಕೊಳ್ಳುವುದು ಯುಕ್ತ. ಎಲ್ಲರ ಹಿತದಲ್ಲಿ ನನ್ನದೂ ಒಂದು ಪಾಲು ಮಾತ್ರವೆಂದು ಎಣಿಸುವುದೂ ಅಷ್ಟೇ ಯುಕ್ತ. ಎರಡೂ ಒಂದೇ ದಾರಿಯನ್ನು ತೋರುವವರೆಗೆ ತೊಡಕಿಲ್ಲ. ದಾರಿ ಕವಲೊಡೆದಾಗ? ಕರ್ತವ್ಯ ಮಾಡಿದವನಿಗೆ ನಷ್ಟವಾಗದಂತೆ ಜಗತ್ತು ರಚಿತವಾಗಿದೆಯೆಂದು ನಂಬಿದ ಹೊರತು, ಬರಿಯ ಬುದ್ಧಿಯಿಂದ ಇವೆರಡನ್ನು ಕೂಡಿಸಲಾಗದೆಂದು ಆತ ಕಂಡುಕೊಂಡ. ಮೊದಲ ಮುದ್ರಣದ ಕಟ್ಟಕಡೆಯ ಶಬ್ದವೇ ‘ಸೋಲು’. ಮುಂದಿನ ಮುದ್ರಣಗಳಲ್ಲಿ ಆ ಶಬ್ದ ಹೋಯಿತು, ತೊಡಕು ಹೋಗಲಿಲ್ಲ.

ಹಾಗೆಂದು ಆತ ಬಾಳಿನಲ್ಲಿ ತೂಗಾಡಿದವನಲ್ಲ. ಇಂಗ್ಲೆಂಡಿನ ಚರ್ಚಿನ ವಿಧಿಸೂತ್ರಗಳಿಗೆ ಮನಃಪೂರ್ವಕವಾದ ಒಪ್ಪಿಗೆ ಕೊಡಲಾರದೆ 1869ರಲ್ಲಿ ಟ್ರಿನಿಟಿ ಕಾಲೇಜಿನ ಫೆಲೋ ಪದವಿಯನ್ನೇ ಬಿಟ್ಟುಕೊಟ್ಟ. ಐದು ವರ್ಷಗಳ ಅನಂತರ ಬರೆದ ಗ್ರಂಥದಲ್ಲಿ, ಆ ತ್ಯಾಗ ಲಾಭದಾಯಕವೆಂದು ಸಾಧಿಸುವ ಗೋಜಿಗೆ ಹೋಗಲಿಲ್ಲ.

ನಮ್ಮವರಲ್ಲಿ ಭರ್ತೃಹರಿಯನ್ನು ನೆನೆಯಬಹುದು. ಸ್ವಾರ್ಥವನ್ನು ಬಿಟ್ಟು ಪರಾರ್ಥ ಸಾಧಿಸುವವರನ್ನು ಸತ್ಪುರುಷರೆಂದೂ ಸ್ವಾರ್ಥಕ್ಕೆ ಅಡ್ಡಿಯಾಗದಷ್ಟು ಪರಾರ್ಥ ನಡೆಸುವವರನ್ನು ಸಾಮಾನ್ಯರೆಂದೂ ನೀತಿಶತಕ ವಿಂಗಡಿಸುತ್ತದೆ. ವಿಂಗಡಣೆ ಸೊಗಸಾಗಿದೆ. ಆದರೆ ಸಾಮಾನ್ಯನು ಸತ್ಪುರುಷನೇಕೆ ಆಗಬೇಕು? ಶ್ಲೋಕ ಅಲ್ಲಿ ಮೌನ. ನಮ್ಮಲ್ಲಿ ಬಹುಮಂದಿ ಎರಡನೆಯ ಗುಂಪಿನವರಾದುದರಿಂದ ಪ್ರಶ್ನೆ ನಮ್ಮದೇ ಆಗಿದೆ.

ಈ ಪ್ರಶ್ನೆಯನ್ನು ತರ್ಕವಿಲ್ಲದೆ ಎದುರಿಸಿದ ಕೃತಿ ನಮ್ಮ ಗೋವಿನ ಹಾಡು. ಸತ್ಯಕ್ಕೆ ಜಯವೆಂದು ಒಂದು ಮಾತು ಹೇಳಿ ಪಾಠ ಮುಗಿಸುವುದು ತರಗತಿಗಳ ವಾಡಿಕೆ. ಹಾಡು ಹೇಳುವುದು ಅದನ್ನಲ್ಲವೆಂದು ನಮಗೆ ತೋರುತ್ತದೆ. ಕರುವನ್ನು ಒಡನಾಡಿಗಳಿಗೆ ಒಪ್ಪಿಸಿ ಗವಿಗೆ ಹಿಂದಿರುಗುವ ಪುಣ್ಯಕೋಟಿಗೆ ಹುಲಿಯ ಮನಸ್ಸು ಕರಗುವುದೆಂಬ ಸುಳಿವೇ ಇಲ್ಲ. ಆಕೆ ಬಂದದ್ದು ಸಾಯಲಿಕ್ಕೆ. ಬಹುಮಾನ ಬರುವುದೆಂದು ತಿಳಿದೇ ಬಂದಿದ್ದರೆ ಆ ನಡಿಗೆಗೆ ಬೆಲೆಯೇನು? ಬಿಟ್ಟುಬಂದದ್ದಾದರೂ ತನ್ನ ಪ್ರಾಣವೊಂದನ್ನೇ ಅಲ್ಲ, ಹಾಲು ಬಿಡದ ಕರುವನ್ನು. ಸ್ವಾರ್ಥವೆಂದು ನಾವು ತುಚ್ಛೀಕರಿಸುವುದರಲ್ಲಿ ಇಂಥ ಮಮತೆಯೂ ಸೇರಿರುವುದನ್ನು ನೀತಿಬೋಧಕರು ಗಮನಿಸುವುದಿಲ್ಲ.

ಇನ್ನು ಹುಲಿಯ ಮಾತು. ಅದರ ಹಸಿವೂ ಸುಳ್ಳಲ್ಲ. ಹಸುವನ್ನು ಬಿಟ್ಟ ಮೇಲೆ ಅದನ್ನು ಹುಲ್ಲು ಮೇಯಲು ಕಳಿಸುವುದು ಕಥೆ ಕಟ್ಟುವವನಿಗೆ ಕಷ್ಟವಾಗುತ್ತಿರಲಿಲ್ಲ. ಈ ಕವಿ ಹಾಗೆ ಮಾಡಲಿಲ್ಲ. ಹಸು ಮನೆಗೆ ಹೋಯಿತು, ಹುಲಿ ಪ್ರಾಣ ಬಿಟ್ಟಿತು.