ಗುಂಡು ಹಾರಿಸಿದವರು ಯಾರು?

1975ರ ಜೂನ್ 2ರಂದು ಬ್ರಿಟನ್ನಿನ ಎರಡು ಪತ್ರಿಕೆಗಳು ಒಂದೇ ಸುದ್ದಿ ಬರೆದವು. ರೊಡೇಷಿಯಾದ ಸ್ಯಾಲಿಸ್ಬರಿಯಲ್ಲಿ ಪೊಲೀಸರ ಗುಂಡಿಗೆ ಕಪ್ಪು ಜನ ಬಲಿಯಾಗಿದ್ದರು. 'ಗಾರ್ಡಿಯನ್' ತಲೆಬರಹದಲ್ಲಿ ಪೊಲೀಸರೇ ಮೊದಲು: ಗುಂಡಿಟ್ಟರು, 11 ಮಂದಿಯನ್ನು ಕೊಂದರು. 'ಟೈಮ್ಸ್' ಗಲಭೆಕೋರರನ್ನು ಮುಂದಿಟ್ಟು, ಅವರ ಸಾವನ್ನು ಹೇಳಿ, ಪೊಲೀಸರನ್ನು ಆಮೇಲೆ ತಂದಿತು. ಮರುದಿನ ಅದರ ಸಂಪಾದಕೀಯ ಶುರುವಾಗಿದ್ದು ಗಲಭೆ ಮತ್ತು ಜೀವಹಾನಿಯ ಮಾತಿನಿಂದ. ಗುಂಡು ಹಾರಿಸಿದವರು ಆ ವಾಕ್ಯದಿಂದಲೇ ಜಾರಿಹೋಗಿದ್ದರು.

ಟೋನಿ ಟ್ರೂ 1979ರ 'ಲ್ಯಾಂಗ್ವೇಜ್ ಅಂಡ್ ಕಂಟ್ರೋಲ್' ಪುಸ್ತಕದಲ್ಲಿ ಈ ಜಾರುವಿಕೆಯನ್ನು ಎಳೆಎಳೆಯಾಗಿ ಬಿಡಿಸಿದರು. ಅವರ ಕೈಯಲ್ಲಿದ್ದ ಹತಾರ ಎಂ. ಎ. ಕೆ. ಹ್ಯಾಲಿಡೆ (1925–2018) ಕಟ್ಟಿದ ಕಾರ್ಯನಿಷ್ಠ ವ್ಯಾಕರಣ.

ಈ ವ್ಯಾಕರಣದ ಬೇರು ಹಿಂದಿನದು. ಟ್ರೋಬ್ರಿಯಾಂಡ್ ದ್ವೀಪಗಳ ಮೀನುಗಾರರ ಮಾತು ತಿಳಿಯಬೇಕಾದರೆ ಆ ಹೊತ್ತಿನಲ್ಲಿ ಅವರು ಮಾಡುತ್ತಿದ್ದ ಕೆಲಸ ತಿಳಿದಿರಬೇಕು ಎಂದು ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ 1923ರಲ್ಲಿ ಬರೆದಿದ್ದರು. ಲಾಹೋರಿನಲ್ಲಿ ಪಾಠ ಹೇಳಿ ಲಂಡನ್ನಿಗೆ ಮರಳಿದ ಜೆ. ಆರ್. ಫರ್ತ್ ಆ 'ಸನ್ನಿವೇಶ'ವನ್ನು ಭಾಷಾವಿಜ್ಞಾನದೊಳಕ್ಕೆ ಕರೆತಂದರು. ಅವರ ಶಿಷ್ಯ ಹ್ಯಾಲಿಡೆ ಚೀನೀ ಭಾಷೆಯ ಅಧ್ಯಯನದಿಂದ ಹೊರಟು, ಕೊನೆಗೆ ಸಿಡ್ನಿಯಲ್ಲಿ ನೆಲೆನಿಂತರು. ಪ್ರತಾಪಗಢದಲ್ಲಿ ಹುಟ್ಟಿದ ರುಕಯ್ಯಾ ಹಸನ್ ಅವರ ಬಾಳಸಂಗಾತಿ. ಪಠ್ಯದ ಹೆಣಿಗೆ ಕುರಿತ 1976ರ ಗ್ರಂಥ ಇಬ್ಬರ ಕೃತಿ.

ಚಾಮ್ಸ್ಕಿಯ ದಾರಿಯವರು ವಾಕ್ಯ ಹೇಗೆ ಸಾಧ್ಯವಾಯಿತು ಎಂದು ಕೇಳುತ್ತಿದ್ದಾಗ ಹ್ಯಾಲಿಡೆಯವರ ಕುತೂಹಲ ಬೇರೆ: ಇದನ್ನು ಇನ್ನೊಂದು ಬಗೆಯಲ್ಲೂ ಹೇಳಬಹುದಿತ್ತಲ್ಲ, ಹೀಗೇ ಯಾಕೆ ಹೇಳಿದರು?

ಈ ಪ್ರಶ್ನೆಯ ಬಲ ಕಾಣುವುದು ಗೋಲ್ಡಿಂಗ್‌ನ 'ದಿ ಇನ್ಹೆರಿಟರ್ಸ್' ಕಾದಂಬರಿ ಕುರಿತ ಹ್ಯಾಲಿಡೆಯವರ 1971ರ ಲೇಖನದಲ್ಲಿ. ಆದಿಮಾನವ ಲಾಕ್‌ನ ಎದುರು ಒಬ್ಬ ಬಿಲ್ಲು ಎಳೆಯುತ್ತಾನೆ. ಲಾಕ್‌ನಿಗೆ ಕಾಣುವುದು ಕೋಲೊಂದು ಗಿಡ್ಡವಾಗಿ ಮತ್ತೆ ಉದ್ದವಾಗುವುದಷ್ಟೇ. ಒಬ್ಬರು ಇನ್ನೊಂದರ ಮೇಲೆ ಮಾಡುವ ಕ್ರಿಯೆ ಅವನ ಲೋಕದಲ್ಲಿ ಇಲ್ಲವೆನ್ನುವಷ್ಟು ಕಡಿಮೆ; ಸಕರ್ಮಕ ವಾಕ್ಯಗಳೂ ಹಾಗೆಯೇ ವಿರಳ. ಪಾತ್ರದ ಮನಸ್ಸನ್ನು ವ್ಯಾಕರಣದಲ್ಲೇ ಹಿಡಿದು ತೋರಿಸಿದ ಇಂಥ ಓದು ಅಪರೂಪ.

ಸಾಹಿತ್ಯ ವಿಮರ್ಶಕ ಸ್ಟಾನ್ಲಿ ಫಿಶ್ ಮಾತ್ರ ಒಪ್ಪಲಿಲ್ಲ. ಅದೇ ವಾಕ್ಯಗಳನ್ನು ಆಧಾರವಾಗಿಟ್ಟು ಲಾಕ್‌ನದು ನಿಸರ್ಗದೊಡನೆ ಒಂದಾದ ಮುಗ್ಧ ಕಾಣ್ಕೆ ಎಂದೂ ವಾದಿಸಬಹುದು. ಎಣಿಕೆಯಿಂದ ಅರ್ಥಕ್ಕೆ ಹಾರಿದ್ದು ವಿಮರ್ಶಕನೇ ಎಂದರು. ಈ ಏಟು ನಿಜವಾಗಿಯೂ ತಗುಲುತ್ತದೆ. ಹ್ಯಾಲಿಡೆ ಪಂಥದ ಎಷ್ಟೋ ಬರಹಗಳಲ್ಲಿ ಪರಿಭಾಷೆಯ ಚೀಟಿ ಅಂಟಿಸಿದರೆ ವಿಶ್ಲೇಷಣೆ ಮುಗಿಯಿತು. ಟ್ರೂ ಗೆದ್ದದ್ದು ವಾಕ್ಯದಾಚೆಗಿನ ಸ್ಯಾಲಿಸ್ಬರಿಯನ್ನು ಬಿಡದೆ ಹಿಡಿದಿದ್ದರಿಂದ.

ಈ ವ್ಯಾಕರಣದ ಇನ್ನೊಂದು ಮಿತಿ ಇಂಗ್ಲಿಷಿನ ಅಚ್ಚು. ಇಂಗ್ಲಿಷಿನಲ್ಲಿ ವಾಕ್ಯದ ಮೊದಲ ಘಟಕವೇ ಮಾತು ಹೊರಡುವ ನೆಲೆ. ಕನ್ನಡದಲ್ಲಿ ಪದಗಳು ಜಾಗ ಬದಲಿಸದೆಯೇ ಮಾತಿನ ಮುಖ ತಿರುಗುತ್ತದೆ: 'ಅವನೇ ಬಂದ', 'ಅವನೂ ಬಂದ', 'ಅವನಂತೂ ಬಂದ'. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಪಟ್ಟು ಹಿಡಿದದ್ದು ಇಲ್ಲಿ ನೆನಪಾಗಬೇಕು.

'ಗುಡಿಸಲುಗಳನ್ನು ತೆರವುಗೊಳಿಸಲಾಗಿದೆ' ಎಂಬ ಕಚೇರಿ ಕನ್ನಡವನ್ನೇ ನೋಡಿ. ಇಂಗ್ಲಿಷಿನ ಕರ್ಮಣಿಯಲ್ಲಾದರೆ ಗುಡಿಸಲು ಕರ್ತೃವಿನ ಜಾಗಕ್ಕೆ ಬಂದು ಕೂರುತ್ತದೆ. ಇಲ್ಲಿ 'ಅನ್ನು' ಹಾಗೇ ಉಳಿದು, ಆ ಜಾಗ ಖಾಲಿಯೇ ಇರುತ್ತದೆ. ಕೆಡವಿದವರೂ ಇಲ್ಲ, ಕೆಡವಿಸಿದವರೂ ಇಲ್ಲ. ಟ್ರೂ ಮಾಡಿದಂಥ ಓದು ಕನ್ನಡ ಪತ್ರಿಕೆಗಳಿಗೂ ಬೇಕಿದ್ದರೆ, ಅದು ಶುರುವಾಗಬೇಕಾದದ್ದು ಈ '-ಲಾಗಿದೆ'ಯಿಂದ.